ಓಡಿದ ಗಾಡಿ ನಾಳೆಯೂ ಬರುತ್ತದೆ



ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಸರ್ಕಲ್ಲಿನ ನಾಲ್ಕು ಕಡೆಯೂ ಗಾಡಿಗಳು ತುಂಬಿ ನಿಂತಿವೆ. ಎಡಗಡೆಯ ರಸ್ತೆಯಿಂದ ಒಂದು ಬೈಕು ಬರುತ್ತಿದೆ. ಅದರ ಮೇಲೆ ಮೂವರು ಹುಡುಗರು, ಮೂವರ ತಲೆಯೂ ಬರಿದು. ನನ್ನ ಬಿಳಿ ಅಂಗಿ ಕಣ್ಣಿಗೆ ಬಿದ್ದ ಕೂಡಲೆ ಮುಂದಿನವನು ಕಾಲು ನೆಲಕ್ಕೆ ಊರಿ, ಗಾಡಿಯನ್ನು ನಿಂತಲ್ಲೇ ತಿರುಗಿಸಿ, ಬಂದ ದಾರಿಯಲ್ಲೇ ಎಲ್ಲರಿಗೂ ಎದುರಾಗಿ ಹೊರಟುಬಿಟ್ಟ. ಅತ್ತಲಿಂದ ಶಾಲೆಯ ವ್ಯಾನೊಂದು ಬರುತ್ತಿದೆ. ನಾನು ಇದನ್ನು ಹೇಳಿ ಮುಗಿಸುವಷ್ಟು ಹೊತ್ತೂ ಅದಕ್ಕೆ ಹಿಡಿಯುವುದಿಲ್ಲ. ಅಷ್ಟರೊಳಗೇ ನಾನು ತೀರ್ಮಾನ ಮಾಡಬೇಕು. ಹಿಂದೆ ಓಡಲೇ, ಅಡ್ಡ ನಿಲ್ಲಲೇ, ಸೀಟಿ ಊದಿ ಸುಮ್ಮನಾಗಲೇ?

ಮೂವತ್ತೊಂದು ವರ್ಷ ನಾನು ಪೊಲೀಸ್ ಇಲಾಖೆಯಲ್ಲಿದ್ದೆ. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಸಂಚಾರ ಠಾಣೆಗಳಲ್ಲಿ. ಕಾನ್‌ಸ್ಟೆಬಲ್ ಆಗಿ ಸೇರಿ ಎಎಸ್‌ಐ ಆಗಿ ನಿವೃತ್ತನಾದೆ. ಈಗ ಹೇಳಿದ ಆ ಒಂದು ಗಳಿಗೆ ಅಷ್ಟು ವರ್ಷವೂ ದಿನಕ್ಕೆ ಹತ್ತು ಸಲ ನನ್ನ ಮುಂದೆ ಬಂದು ನಿಲ್ಲುತ್ತಿತ್ತು. ಅದರ ಬಗ್ಗೆ ಮಾತಾಡಬೇಕೆಂದೇ ಇವತ್ತು ನಿಮ್ಮ ಮುಂದೆ ಬಂದಿದ್ದೇನೆ.

ಕಾರಿನವನು ತಪ್ಪು ಮಾಡಿದರೆ ಅವನನ್ನು ಹಿಡಿಯುವುದು ಅಷ್ಟು ಕಷ್ಟವಲ್ಲ. ಮುಂದೆ ಒಂದು ಗಾಡಿ, ಹಿಂದೆ ಒಂದು ಗಾಡಿ ಇದ್ದರೆ ಕಾರು ಎಲ್ಲಿಗೂ ಹೋಗಲಾರದು. ಕಿಟಕಿಯ ಹತ್ತಿರ ಹೋಗಿ ನಿಂತು ಮಾತಾಡಬಹುದು. ಬೈಕು ಹಾಗಲ್ಲ. ಎರಡು ಬಸ್ಸುಗಳ ನಡುವೆ ಒಂದು ಮೊಳ ಜಾಗ ಸಿಕ್ಕರೂ ಅದಕ್ಕೆ ದಾರಿ. ಫುಟ್‌ಪಾತು ದಾರಿ, ಪೆಟ್ರೋಲ್ ಬಂಕಿನ ಅಂಗಳ ದಾರಿ, ಎದುರಿನ ಸಂದಿ ದಾರಿ. ಸರ್ಕಲ್ಲಿನಲ್ಲಿ ನಿಂತ ಪೇದೆಗೆ ಇರುವುದು ಎರಡು ಕೈ. ಆ ಕೈಗಳಿಂದ ಅವನು ಗಾಡಿಗಳನ್ನು ಬಿಡಬೇಕು, ಇಲ್ಲವೇ ಹಿಡಿಯಬೇಕು. ಒಬ್ಬನನ್ನು ಪಕ್ಕಕ್ಕೆ ಹಾಕಿ ಡಿಎಲ್ ಕೇಳುತ್ತಾ ನಿಂತರೆ ಅವನ ಬೆನ್ನ ಹಿಂದೆ ಇಪ್ಪತ್ತು ಜನ ಹೋಗಿರುತ್ತಾರೆ. ಸಿಕ್ಕಿಬಿದ್ದವನ ಮೊದಲ ಮಾತೂ ಅದೇ: "ಸಾರ್, ಅವರನ್ನೆಲ್ಲ ಬಿಟ್ಟು ನನ್ನೊಬ್ಬನ್ನೇ ಯಾಕೆ ಹಿಡಿದ್ರಿ?" ಅವನ ಪ್ರಶ್ನೆಯಲ್ಲಿ ನ್ಯಾಯವಿದೆ. ನನ್ನಲ್ಲಿ ಅದಕ್ಕೆ ಉತ್ತರ ಇರುತ್ತಿರಲಿಲ್ಲ.

ಇನ್ನು ಸವಾರರೊಳಗಿನ ಒಪ್ಪಂದ ಬೇರೆ. ಮುಂದೆ ಪೊಲೀಸರಿದ್ದಾರೆ ಎಂದು ಎದುರು ಬರುವವನಿಗೆ ತಿಳಿಸಲು ಹೆಡ್‌ಲೈಟ್ ಮಿನುಗಿಸುತ್ತಾರೆ, ಇಲ್ಲವೇ ಅಂಗೈಯಿಂದ ತಲೆ ತಟ್ಟಿ ತೋರಿಸುತ್ತಾರೆ. ಅದನ್ನು ನೋಡಿದವನು ಮೊಳಕೈಗೆ ನೇತುಹಾಕಿಕೊಂಡಿದ್ದ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಳ್ಳುತ್ತಾನೆ. ಸರ್ಕಲ್ ದಾಟಿದ ಮೇಲೆ ಅದು ಮತ್ತೆ ಮೊಳಕೈಗೆ ಬರುತ್ತದೆ. ಅದು ನಮಗೆ ತೋರಿಸುವ ಹೆಲ್ಮೆಟ್ಟು. ಗದ್ದದ ಕೆಳಗಿನ ಪಟ್ಟಿ ಬಿಗಿಯದೆ ಹಾಕಿಕೊಂಡದ್ದೂ ಅಷ್ಟೇ. ಬಿದ್ದವನಿಗಿಂತ ಮೊದಲು ಅವನ ಹೆಲ್ಮೆಟ್ ಹಾರಿ ಚರಂಡಿಗೆ ಬಿದ್ದಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇದು ದಂಡ ವಸೂಲಿಯ ಮಾತಾಗಿದ್ದರೆ ನಾನು ಬಾನುಲಿಯವರೆಗೆ ಬರುತ್ತಿರಲಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಶೇಕಡ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅದರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಹಿಂದೆ ಕೂತವರು. ಗಾಡಿಯ ಹ್ಯಾಂಡಲ್ ಮುಟ್ಟದವರು. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಎಂಬುದು ಕರ್ನಾಟಕದಲ್ಲಿ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. ಆಗ ಎಷ್ಟೊಂದು ಜನ ನಮ್ಮನ್ನು ಬೈದರು! ಮಲ್ಲಿಗೆ ಮುಡಿದ ಹೆಂಗಸರು ಹೆಲ್ಮೆಟ್ ಹೇಗೆ ಹಾಕಿಕೊಳ್ಳಬೇಕು ಎಂದು ಕೇಳಿದರು. ಸೀರೆ ಉಟ್ಟು ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತ ತಾಯಂದಿರೇ ಮೊದಲು ಬೀಳುವವರು, ಬಿದ್ದಾಗ ನೆಲಕ್ಕೆ ಬಡಿಯುವುದು ತಲೆಯ ಹಿಂಭಾಗ ಎಂದು ಎಲ್ಲರಿಗೂ ಬಿಡಿಸಿ ಹೇಳುವಷ್ಟು ಪುರುಸೊತ್ತು ಸರ್ಕಲ್ಲಿನಲ್ಲಿ ಇರುವುದಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ತಜ್ಞರು ಹೇಳುವುದು ಇಷ್ಟು: ಹೆಲ್ಮೆಟ್ಟಿನಿಂದ ಸಾಯುವ ಅಪಾಯ ಸುಮಾರು ಶೇಕಡ 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯ ಸುಮಾರು ಶೇಕಡ 69ರಷ್ಟು ತಗ್ಗುತ್ತದೆ.

ಅಂದ ಮೇಲೆ ಕಾನೂನು ಜಾರಿ ಮಾಡಲೇಬೇಕು. ಹೇಗೆ ಮಾಡಬೇಕು ಎಂಬಲ್ಲಿಗೆ ಬಂದಾಗ ನನ್ನ ಬದುಕಿನ ಒಂದು ಸಂಜೆಯನ್ನು ನಿಮಗೆ ಹೇಳಬೇಕಾಗುತ್ತದೆ.

ಆಗ ನಾನಿನ್ನೂ ಹೆಡ್ ಕಾನ್‌ಸ್ಟೆಬಲ್. ಊರಿನ ಹೆಸರು ಬೇಡ. ಒಂದು ಒನ್‌ವೇ ರಸ್ತೆಯ ಬಾಯಲ್ಲಿ, ನಿಂತಿದ್ದ ಮಿನಿ ಬಸ್ಸಿನ ಮರೆಯಲ್ಲಿ ನಾನು ನಿಂತಿದ್ದೆ. ಕಾಣುವ ಹಾಗೆ ನಿಂತರೆ ಎಲ್ಲರೂ ತಿರುಗಿಕೊಂಡು ಹೋಗುತ್ತಾರೆ ಎಂದು ಆಗ ನಾವೆಲ್ಲ ಹಾಗೇ ನಿಲ್ಲುತ್ತಿದ್ದೆವು. ಎದುರು ದಿಕ್ಕಿನಿಂದ ಒಂದು ಗಾಡಿ ನುಗ್ಗಿತು. ನಾನು ಮರೆಯಿಂದ ಹೊರಗೆ ಹಾರಿ ಅವನ ಹ್ಯಾಂಡಲ್ಲಿಗೆ ಕೈ ಹಾಕಿದೆ. ಹುಡುಗ ಬೆಚ್ಚಿ ಬಲಕ್ಕೆ ಎಳೆದ. ಗಾಡಿ ವಾಲಿತು. ಹಿಂದೆ ಅವನ ತಂಗಿ ಕೂತಿದ್ದಳು, ಹದಿನೈದು ಹದಿನಾರು ವರ್ಷದ ಮಗು. ಅವಳ ಕೈಯಲ್ಲಿದ್ದ ಟಿಫನ್ ಕ್ಯಾರಿಯರ್ ರಸ್ತೆಯ ಮೇಲೆ ಉರುಳಿ, ಡಬ್ಬಿಗಳು ಬಿಚ್ಚಿಕೊಂಡು, ಅನ್ನ ಸಾರು ಚೆಲ್ಲಿ ಹೋಯಿತು. ಆಸ್ಪತ್ರೆಯಲ್ಲಿದ್ದ ಅಜ್ಜಿಗೆ ಊಟ ತೆಗೆದುಕೊಂಡು ಹೊರಟಿದ್ದರಂತೆ. ಹುಡುಗಿಯ ಮೊಳಕೈ ಮುರಿದಿತ್ತು. ನಾನೇ ಆಟೋದಲ್ಲಿ ಕೂರಿಸಿಕೊಂಡು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಅಳಲಿಲ್ಲ, ಮಾತಾಡಲಿಲ್ಲ, ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನನ್ನ ಟೋಪಿಯನ್ನೇ ನೋಡುತ್ತಿದ್ದಳು.

ರಾತ್ರಿ ಅವರ ತಂದೆ ಬಂದರು. ನನ್ನನ್ನು ಬೈಯುತ್ತಾರೆ, ಹೊಡೆದರೂ ಹೊಡೆಯಬಹುದು ಎಂದುಕೊಂಡು ನಿಂತಿದ್ದೆ. ಅವರು ಹತ್ತಿರ ಬಂದು ಜೇಬಿಗೆ ಕೈ ಹಾಕಿ, "ಸ್ವಾಮಿ, ಫೈನ್ ಎಷ್ಟು ಹೇಳಿ, ಕಟ್ಟಿಬಿಡ್ತೀನಿ. ಹುಡುಗನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗ್ಬೇಡಿ" ಎಂದರು.

ಆಗ ಆ ತಪ್ಪಿಗೆ ದಂಡ ನೂರು ರೂಪಾಯಿ.

ಅವತ್ತಿನಿಂದ ನಿವೃತ್ತನಾಗುವವರೆಗೆ ಓಡುವ ಗಾಡಿಗೆ ನಾನು ಕೈ ಹಾಕಲಿಲ್ಲ, ನನ್ನ ಕೈಕೆಳಗಿನವರಿಗೂ ಹಾಕಲು ಬಿಡಲಿಲ್ಲ. ಬೀಗದ ಕೈ ಕೀಳುವುದಂತೂ ಇಲ್ಲವೇ ಇಲ್ಲ. ಮೋಟಾರು ವಾಹನ ಕಾಯ್ದೆ ನಮಗೆ ಅಂಥ ಅಧಿಕಾರವನ್ನು ಎಲ್ಲೂ ಕೊಟ್ಟಿಲ್ಲ. ಜೀವ ಉಳಿಸಲೆಂದು ಮಾಡಿದ ಕಾನೂನನ್ನು ಜೀವಕ್ಕೆ ಕುತ್ತು ತಂದು ಜಾರಿ ಮಾಡಬಾರದು. ಈ ಒಂದು ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನನಗೆ ಆದದ್ದು ಮೊಳಕೈಗೆ ಮುಗಿಯಿತು. ಎಲ್ಲ ಕಡೆ ಹಾಗೆ ಮುಗಿದಿಲ್ಲ. 2013ರ ಜುಲೈನಲ್ಲಿ ದೆಹಲಿಯಲ್ಲಿ ನಡುರಾತ್ರಿ ಬೈಕುಗಳ ಮೇಲೆ ಸಾಹಸ ತೋರಿಸುತ್ತಿದ್ದ ಹುಡುಗರ ಗುಂಪನ್ನು ತಡೆಯಲು ಪೊಲೀಸರು ಟೈರಿಗೆ ಗುರಿಯಿಟ್ಟು ಗುಂಡು ಹಾರಿಸಿದರು. ಗುಂಡು ತಗುಲಿದ್ದು ಹಿಂದೆ ಕೂತಿದ್ದ ಹತ್ತೊಂಬತ್ತರ ಹುಡುಗನಿಗೆ. ಅವನು ಉಳಿಯಲಿಲ್ಲ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತಿರುಚಿರಾಪಳ್ಳಿಯ ಬಳಿ ಹೆಲ್ಮೆಟ್ ಇಲ್ಲದೆ, ನಿಲ್ಲಿಸದೆ ಹೋದ ದಂಪತಿಯನ್ನು ಒಬ್ಬ ಇನ್‌ಸ್ಪೆಕ್ಟರ್ ಅಟ್ಟಿಸಿಕೊಂಡು ಹೋಗಿ ಗಾಡಿಯನ್ನು ಒದ್ದ. ಹೆಂಡತಿ ಬಿದ್ದು ಸತ್ತಳು. ಸಾವಿರಾರು ಜನ ಹೆದ್ದಾರಿಗೆ ಇಳಿದರು. ಮರುವರ್ಷ ಕೇರಳ ಹೈಕೋರ್ಟ್ ಸ್ಪಷ್ಟವಾಗಿ ಹೇಳಿತು: ಹೆಲ್ಮೆಟ್ ಇಲ್ಲದವರನ್ನು ಅಟ್ಟಿಸಿಕೊಂಡು ಹೋಗಬೇಡಿ, ಅಡ್ಡ ಹಾರಬೇಡಿ, ಕ್ಯಾಮೆರಾ ಬಳಸಿ.

ನಮ್ಮಲ್ಲಿ? 2022ರ ಜೂನ್‌ನಲ್ಲಿ ಆಗಿನ ಡಿಜಿ-ಐಜಿಪಿ ಪ್ರವೀಣ್ ಸೂದ್ ಅವರು, ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲೆಂದು ಯಾವ ಗಾಡಿಯನ್ನೂ ನಿಲ್ಲಿಸಬಾರದು ಎಂದು ಹೇಳಿದ್ದರು. ಮೂರು ವರ್ಷ ಕಳೆಯುವುದರೊಳಗೆ, 2025ರ ಮೇ 26ರಂದು ಮಂಡ್ಯದಲ್ಲಿ ಆದದ್ದು ನಿಮಗೆಲ್ಲ ನೆನಪಿರಬೇಕು. ನಾಯಿ ಕಚ್ಚಿದ್ದ ಮೂರೂವರೆ ವರ್ಷದ ಮಗಳನ್ನು ತಂದೆ ತಾಯಿ ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಹೆಲ್ಮೆಟ್ ತಪಾಸಣೆಗೆಂದು ಪೊಲೀಸರು ಗಾಡಿ ತಡೆದ ಗಡಿಬಿಡಿಯಲ್ಲಿ ಮಗು ರಸ್ತೆಗೆ ಬಿತ್ತು, ಲಾರಿಯ ಚಕ್ರಕ್ಕೆ ಸಿಕ್ಕಿತು. ಮೂವರು ಎಎಸ್‌ಐಗಳು ಅಮಾನತಾದರು. ನನ್ನದೇ ದರ್ಜೆಯವರು. ಆ ದಿನ ನಾನು ಮನೆಯಲ್ಲಿ ಟೀವಿ ನೋಡುತ್ತಿದ್ದೆ. ತುತ್ತು ಗಂಟಲಿನಲ್ಲಿ ಇಳಿಯಲಿಲ್ಲ. ಆಮೇಲೆ ಡಿಜಿ-ಐಜಿಪಿ ಎಂ.ಎ. ಸಲೀಂ ಅವರು ಗಾಡಿಗಳಿಗೆ ಹಠಾತ್ತನೆ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು, ಬೆನ್ನಟ್ಟಬಾರದು ಎಂದು ರಾಜ್ಯಕ್ಕೆಲ್ಲ ಸೂಚನೆ ಹೊರಡಿಸಿದರು. ಆ ಸೂಚನೆ ಪ್ರತಿ ಠಾಣೆಯ ಗೋಡೆಯ ಮೇಲಿರಬೇಕು. ಪ್ರತಿ ಬೆಳಗಿನ ಹಾಜರಿಯಲ್ಲಿ ಯಾರಾದರೊಬ್ಬರು ಅದನ್ನು ಗಟ್ಟಿಯಾಗಿ ಓದಬೇಕು.

"ಹಾಗಾದರೆ ಬಿಟ್ಟುಬಿಡುವುದೇ? ಓಡುವವನಿಗೆ ಇನಾಮೇ?" ಎಂದು ನೀವು ಕೇಳಬಹುದು. ಇದನ್ನೇ ನನ್ನ ಜೊತೆಯವರೂ ಕೇಳುತ್ತಿದ್ದರು. ಕೇಳುವುದು ಸರಿಯೇ. ಯಾರೂ ತಡೆಯುವುದಿಲ್ಲ ಎಂದಾದಾಗ ಏನಾಗುತ್ತದೆ ಎಂಬುದೂ ನಮ್ಮ ಕಣ್ಣ ಮುಂದೆಯೇ ಇದೆ. 2024ರ ಆಗಸ್ಟ್‌ನಲ್ಲಿ ನೆಲಮಂಗಲದ ಕಡೆಯ ತುಮಕೂರು ರಸ್ತೆಯಲ್ಲಿ ವ್ಹೀಲಿಂಗ್ ಹುಡುಗರ ಕಾಟಕ್ಕೆ ರೋಸಿಹೋದ ಜನ ಅವರ ಸ್ಕೂಟರುಗಳನ್ನು ಎತ್ತಿ ಮೇಲ್ಸೇತುವೆಯಿಂದ ಕೆಳಗೆ ಎಸೆದರು. ಕೆಳಗಿನ ರಸ್ತೆಯಲ್ಲೂ ಗಾಡಿಗಳು ಓಡಾಡುತ್ತವೆ! ಪೊಲೀಸರ ಮೇಲೆ ನಂಬಿಕೆ ಹೋದರೆ ಜನರ ಸಿಟ್ಟು ಹೀಗೆ ದಿಕ್ಕು ತಪ್ಪುತ್ತದೆ.

ನಾನು ಕಂಡುಕೊಂಡದ್ದು ಬಹಳ ಸರಳ. ಇವತ್ತು ಒಂಬತ್ತು ಹತ್ತಕ್ಕೆ ಓಡಿದವನು ನಾಳೆಯೂ ಒಂಬತ್ತು ಹತ್ತಕ್ಕೆ ಇದೇ ರಸ್ತೆಯಲ್ಲಿ ಬರುತ್ತಾನೆ. ಅವನಿಗೆ ಕಾಲೇಜಿದೆ, ಗಾರ್ಮೆಂಟ್ಸ್ ಇದೆ, ಆಫೀಸಿದೆ. ಅವನು ದರೋಡೆ ಮಾಡಿ ಊರು ಬಿಡುವವನಲ್ಲ. ಅವನ ಗಾಡಿ ರಾತ್ರಿ ಅವನ ಮನೆಯ ಮುಂದೆಯೇ ನಿಂತಿರುತ್ತದೆ. ಆದ್ದರಿಂದ ಓಡಿ ಹಿಡಿಯುವ ಅವಸರ ನಮಗೇಕೆ ಬೇಕು? ನಮಗೆ ಬೇಕಾದದ್ದು ಅವನ ಗಾಡಿಯ ನಂಬರು. ಆ ಒಂದು ತಗಡಿನಲ್ಲಿ ಅವನ ಊರು, ಹೆಸರು, ಮನೆ ಎಲ್ಲವೂ ಇವೆ.

ತಪ್ಪಿಸಿಕೊಳ್ಳುವವರು ಇದನ್ನು ನಮಗಿಂತ ಮೊದಲೇ ಅರ್ಥ ಮಾಡಿಕೊಂಡಿದ್ದಾರೆ. ಬೆಂಗಳೂರಿನಲ್ಲಿ 2022ರ ಕೊನೆಗೆ 50 ಜಂಕ್ಷನ್ನುಗಳಲ್ಲಿ, ನಂಬರ್ ಓದುವ 250 ಕ್ಯಾಮೆರಾ ಮತ್ತು ಸಿಗ್ನಲ್ ಜಿಗಿಯುವವರನ್ನು ಹಿಡಿಯುವ 80 ಕ್ಯಾಮೆರಾಗಳ ವ್ಯವಸ್ಥೆ ಬಂತು. ಹೆಲ್ಮೆಟ್ ಇಲ್ಲದ ತಲೆ, ಮೂವರ ಸವಾರಿ, ಕಿವಿಗೆ ಹಿಡಿದ ಫೋನು, ಎಲ್ಲವೂ ಪೇದೆಯ ಕೈಯಿಲ್ಲದೆಯೇ ದಾಖಲಾಗತೊಡಗಿದವು. ಅದರ ಜೊತೆಗೇ ನಂಬರ್ ಪ್ಲೇಟುಗಳು ಮರೆಯಾಗತೊಡಗಿದವು. ಒಬ್ಬ ಪ್ಲೇಟನ್ನು ಮೇಲಕ್ಕೆ ಮಡಚುತ್ತಾನೆ. ಒಬ್ಬ ಕೊನೆಯ ಅಂಕಿಯ ಮೇಲೆ ಮಾಸ್ಕ್ ಕಟ್ಟುತ್ತಾನೆ. ಸಗಣಿ ಮೆತ್ತಿದ್ದನ್ನು ನೋಡಿದ್ದೇನೆ, 3 ಅನ್ನು 8 ಮಾಡಿದ್ದನ್ನು ನೋಡಿದ್ದೇನೆ. ಹೀಗೆ ತಿದ್ದಿದ ಪ್ಲೇಟಿನ ದಂಡ ಹೋಗಿ ಬೀಳುವುದು ಎಲ್ಲೋ ಇರುವ, ಆ ರಸ್ತೆಯನ್ನೇ ನೋಡದ ಒಬ್ಬ ಅಮಾಯಕನ ಮನೆಗೆ. ಅವನು ಕೆಲಸ ಬಿಟ್ಟು ಠಾಣೆಗೆ ಬಂದು, "ಸಾರ್, ಈ ಫೋಟೋದಲ್ಲಿರೋದು ನನ್ನ ಗಾಡಿ ಅಲ್ಲ" ಎಂದು ಅಲವತ್ತುಕೊಳ್ಳಬೇಕು. ಹೆಲ್ಮೆಟ್ ಹಾಕದವನು ಮೊದಲು ತನ್ನ ತಲೆಗೆ ಕೇಡು ಮಾಡಿಕೊಳ್ಳುತ್ತಾನೆ. ನಂಬರ್ ತಿದ್ದಿದವನು ಇನ್ನೊಬ್ಬನ ತಲೆಗೆ ಕಟ್ಟುತ್ತಾನೆ. ಇದನ್ನು ನಾನು ಹೆಚ್ಚು ದೊಡ್ಡ ತಪ್ಪೆಂದು ಎಣಿಸುತ್ತೇನೆ. ಗಾಡಿ ನಿಂತಿರುವಾಗಲೂ, ಅಂಗಡಿಯ ಮುಂದೆಯೋ ಕಾಲೇಜಿನ ಸ್ಟ್ಯಾಂಡಿನಲ್ಲೋ, ಯಾರ ಜೀವಕ್ಕೂ ಅಪಾಯವಿಲ್ಲದೆ ಪತ್ತೆ ಮಾಡಬಹುದಾದ ತಪ್ಪು ಇದು. ನಮ್ಮ ಸಂಚಾರ ಪೊಲೀಸರು ದಿನದ ಒಂದು ಗಂಟೆಯನ್ನು ನಿಂತ ಗಾಡಿಗಳ ನಡುವೆ ಕಳೆದರೆ ಓಡುವ ಗಾಡಿಗಳ ಅರ್ಧ ತೊಂದರೆ ತೀರುತ್ತದೆ ಎಂದು ನನ್ನ ಅನುಭವ.

ಎಚ್‌ಎಸ್‌ಆರ್‌ಪಿ ಎಂಬ ಹೆಚ್ಚು ಭದ್ರತೆಯ ನಂಬರ್ ಪ್ಲೇಟು ಹಾಕಿಸಿ ಎಂದು ಸರ್ಕಾರ 2023ರಿಂದ ಹೇಳಿತು, ಗಡುವನ್ನು ಮತ್ತೆ ಮತ್ತೆ ಮುಂದೂಡಿತು. ಗಡುವು ಮುಂದೆ ಹೋದಷ್ಟೂ ಜನ ಹಿಂದೆ ಉಳಿದರು. ಮಾರಾಟವಾದ ಗಾಡಿಯ ಹೆಸರು ಬದಲಾಗುವುದಿಲ್ಲ ಎಂಬುದು ಇನ್ನೊಂದು ತೊಡಕು. ಮೂರು ಕೈ ದಾಟಿದ ಗಾಡಿಗೆ ಮೊದಲನೆಯವನ ಹೆಸರೇ ಇರುತ್ತದೆ. ನೋಟಿಸು ತೆಗೆದುಕೊಂಡು ಹೋದರೆ, "ಅಯ್ಯೋ, ಅದನ್ನ ಮಾರಿ ಆರು ವರ್ಷ ಆಯ್ತಲ್ಲ ಸ್ವಾಮಿ, ಗೌರಿ ಹಬ್ಬದ ಹಿಂದಿನ ದಿನ ಬಂದು ಹೊಡ್ಕೊಂಡು ಹೋದ" ಎನ್ನುತ್ತಾರೆ. ಇನ್ನು, ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದ, 250 ವ್ಯಾಟಿಗಿಂತ ಕಡಿಮೆ ಶಕ್ತಿಯ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ನೋಂದಣಿಯೇ ಬೇಕಿಲ್ಲ. ಪ್ಲೇಟಿಲ್ಲದ ಗಾಡಿಯನ್ನು ಕ್ಯಾಮೆರಾ ಯಾರ ಹೆಸರಿಗೆ ಬರೆಯಬೇಕು?

ದಂಡದ ವಿಷಯಕ್ಕೆ ಬರುತ್ತೇನೆ. 2019ರ ಸೆಪ್ಟೆಂಬರ್ 1ರಿಂದ ಕೇಂದ್ರದ ತಿದ್ದುಪಡಿ ಜಾರಿಗೆ ಬಂದು ಹೆಲ್ಮೆಟ್ ಇಲ್ಲದ್ದಕ್ಕೆ ₹1,000 ಆಯಿತು. ಕೂಗು ಎದ್ದಿತು. ಅದೇ ತಿಂಗಳಲ್ಲಿ ನಮ್ಮ ರಾಜ್ಯ ಅದನ್ನು ₹500ಕ್ಕೆ ಇಳಿಸಿತು. ಐನೂರೋ ಸಾವಿರವೋ ಎಂಬುದು ನನಗೆ ಮುಖ್ಯ ಅನಿಸುವುದಿಲ್ಲ. ಕಟ್ಟದಿದ್ದರೂ ನಡೆಯುತ್ತದೆ ಎಂದಾದರೆ ಹತ್ತು ಸಾವಿರವೂ ಕಾಗದದ ಮೇಲಿನ ಅಂಕಿ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಿಟಿ ಮಾರ್ಕೆಟ್ ಸಂಚಾರ ಪೊಲೀಸರು ವಶಕ್ಕೆ ತೆಗೆದುಕೊಂಡ ಒಂದು ಸ್ಕೂಟರಿನ ಮೇಲೆ 300ಕ್ಕೂ ಹೆಚ್ಚು ಉಲ್ಲಂಘನೆಗಳಿದ್ದವು, ದಂಡ ಒಂದೂವರೆ ಲಕ್ಷ ದಾಟಿತ್ತು. ಮುನ್ನೂರು ಸಲ ಕ್ಯಾಮೆರಾ ಅವನನ್ನು ನೋಡಿದೆ, ಮುನ್ನೂರು ಸಲ ಬರೆದಿದೆ. ಮನುಷ್ಯರು ಅವನ ಬಾಗಿಲಿಗೆ ಹೋಗಲು ಅಷ್ಟು ಕಾಲ ಬೇಕಾಯಿತು. ಐದನೆಯ ಸಲಕ್ಕೇ ಒಬ್ಬರು ಹೋಗಿ ಬಾಗಿಲು ತಟ್ಟಿದ್ದರೆ ಉಳಿದವು ನಡೆಯುತ್ತಲೇ ಇರಲಿಲ್ಲ. ಶೇಕಡ ಐವತ್ತರ ರಿಯಾಯಿತಿಯನ್ನೂ ನಾನು ಒಪ್ಪಲಾರೆ. 2023ರ ಫೆಬ್ರವರಿಯಲ್ಲಿ ಮೊದಲ ಸಲ ಕೊಟ್ಟಾಗ ಒಂಬತ್ತು ದಿನಗಳಲ್ಲಿ ಬೆಂಗಳೂರೊಂದರಲ್ಲೇ ₹120 ಕೋಟಿಯಷ್ಟು ಬಂತು. ಬಾಕಿ ತೀರಿತು, ನಿಜ. ಅದಾದ ಮೇಲೆ ಸವಾರರು ನನಗೇ ಹೇಳಿದ್ದಾರೆ: "ಈಗ್ಯಾಕೆ ಕಟ್ಬೇಕು ಸಾರ್, ಮತ್ತೆ ಡಿಸ್ಕೌಂಟ್ ಬಿಡ್ತಾರೆ." ಮತ್ತೆ ಬಿಟ್ಟರು ಕೂಡ.

ನಮ್ಮವರ ತಪ್ಪನ್ನು ಮುಚ್ಚಿಡಲಾರೆ. ರಸೀದಿ ಕೊಡದೆ ಜೇಬಿಗೆ ಹಾಕಿಕೊಂಡವರು ನಮ್ಮಲ್ಲಿದ್ದರು. ಅಂಥ ಒಬ್ಬನನ್ನು ಕಂಡ ಸವಾರ ಆಮೇಲೆ ಯಾವ ಬಿಳಿ ಅಂಗಿಗೂ ಗೌರವ ಕೊಡುವುದಿಲ್ಲ, ನಿಲ್ಲಿಸದೆ ಓಡುತ್ತಾನೆ. "ನಮ್ಮ ಹುಡುಗ, ಬಿಟ್ಬಿಡಿ" ಎಂಬ ದೊಡ್ಡವರ ಫೋನುಗಳೂ ಅಷ್ಟೇ ಕೆಡುಕು. ಹಾಗೆ ಬಿಡಿಸಿಕೊಂಡ ಹುಡುಗನೊಬ್ಬ ವ್ಹೀಲಿಂಗ್ ಮಾಡುತ್ತಾ ಮತ್ತೆ ಸಿಕ್ಕ, ಅವನಿಗಿನ್ನೂ ಹದಿನೇಳು. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ತಂದೆ ತಾಯಿಗೆ ಇವತ್ತಿನ ಕಾಯ್ದೆಯಲ್ಲಿ ₹25,000 ದಂಡವಿದೆ, ಮೂರು ವರ್ಷದವರೆಗೆ ಜೈಲಿದೆ, ಒಂದು ವರ್ಷ ಗಾಡಿಯ ನೋಂದಣಿ ರದ್ದಾಗುತ್ತದೆ. ಇದನ್ನು ನಾಲ್ಕು ಕಡೆ ನಿಜವಾಗಿ ಮಾಡಿದರೆ ಬಡಾವಣೆಯ ಎಲ್ಲ ಮನೆಗಳಲ್ಲೂ ಕೀಲಿಕೈ ಮೊಳೆಯಿಂದ ಇಳಿದು ಬೀರುವಿಗೆ ಹೋಗುತ್ತದೆ.

ಊಟ ತಲುಪಿಸುವ ಹುಡುಗರ ಮಾತು ಬೇರೆ. ಅವರನ್ನು ಹಿಡಿದಾಗಲೆಲ್ಲ ನನ್ನ ಮನಸ್ಸು ಮಿಡಿಯುತ್ತಿತ್ತು. ಒಮ್ಮೆ ಮಳೆಯಲ್ಲಿ ಫುಟ್‌ಪಾತಿನ ಮೇಲೆ ಬಂದ ಕಲಬುರಗಿ ಕಡೆಯ ಹುಡುಗನೊಬ್ಬ ತಾನಾಗಿಯೇ ನಿಂತು, ಒದ್ದೆಯಾದ ಫೋನನ್ನು ಅಂಗಿಗೆ ಒರೆಸಿ ನನಗೆ ತೋರಿಸಿದ. ಅದರಲ್ಲಿ ನಿಮಿಷಗಳು ಇಳಿಯುತ್ತಿದ್ದವು. "ಫೈನ್ ಹಾಕ್ರಿ ಸಾಹೇಬ್ರ, ಆದ್ರ ಜಲ್ದಿ ಹಾಕ್ರಿ" ಎಂದ. ಹಾಕಿದೆ, ಹಾಕಲೇಬೇಕಿತ್ತು, ಆ ಫುಟ್‌ಪಾತಿನಲ್ಲಿ ಒಬ್ಬ ಮುದುಕಿ ನಡೆದು ಬರುತ್ತಿದ್ದಳು. ಆದರೆ ಆ ನಿಮಿಷಗಳನ್ನು ಎಣಿಸಿಟ್ಟವರು ಯಾವ ಸರ್ಕಲ್ಲಿನಲ್ಲೂ ನನ್ನ ಕೈಗೆ ಸಿಗಲಿಲ್ಲ. ಅವರನ್ನು ತಲುಪುವ ಕಾನೂನು ಬರುವವರೆಗೆ ಈ ಹುಡುಗರಿಗೆ ಎಷ್ಟು ದಂಡ ಹಾಕಿದರೂ ಅವರು ಫುಟ್‌ಪಾತು ಹತ್ತುತ್ತಾರೆ.

ನಿವೃತ್ತಿಗೆ ಒಂದು ವಾರ ಉಳಿದಿತ್ತು. ಹೊಸದಾಗಿ ಬಂದ ಪೇದೆಯೊಬ್ಬ ನನ್ನ ಜೊತೆ ಸರ್ಕಲ್ಲಿನಲ್ಲಿದ್ದ. ಹೆಲ್ಮೆಟ್ ಇಲ್ಲದ ಒಬ್ಬ ಕೈ ತೋರಿಸಿದರೂ ನಿಲ್ಲಿಸದೆ ನುಗ್ಗಿದ. ಪೇದೆ ಎರಡು ಹೆಜ್ಜೆ ಓಡಿಯೇಬಿಟ್ಟ. "ಏಯ್, ಬಿಡಪ್ಪ, ನಂಬರ್ ಬರ್ಕೊ" ಎಂದು ಕೂಗಿದೆ. ಅವನು ವಾಪಸ್ಸು ಬಂದು, ಉಸಿರು ಬಿಡುತ್ತಾ, ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡ.

"ಸಾರ್, ಕೊನೇ ಅಂಕಿ ಕಾಣಲಿಲ್ಲ. ಪ್ಲೇಟಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದ."

"ಗಂಟೆ ಎಷ್ಟಾಯ್ತು ನೋಡು."

"ಒಂಬತ್ತು ಇಪ್ಪತ್ತೈದು ಸಾರ್."

"ಅದನ್ನೂ ಬರ್ಕೊ. ನಾಳೆ ಒಂಬತ್ತು ಇಪ್ಪತ್ತಕ್ಕೆ ಸಿಗ್ನಲ್ ಕೆಂಪು ಹಾಕಿಸ್ತೀನಿ. ಅವನು ಗಾಡಿಗಳ ಮಧ್ಯೆ ನಿಂತಾಗ ನೀನು ಹಿಂದಿನಿಂದ ನಡ್ಕೊಂಡು ಹೋಗು, ಓಡ್ಬೇಡ."

ಮರುದಿನ ಅವನು ಬಂದ. ಸಿಗ್ನಲ್ಲಿನಲ್ಲಿ ಆರನೆಯವನಾಗಿ ನಿಂತ. ಪೇದೆ ನಡೆದುಕೊಂಡೇ ಹೋಗಿ ನಿಂಬೆಹಣ್ಣಿನ ದಾರವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಅಂಕಿ ಓದಿಕೊಂಡ. ಸವಾರನಿಗೆ ಗೊತ್ತೂ ಆಗಲಿಲ್ಲ. ಸಿಗ್ನಲ್ ಬಿಟ್ಟಾಗ ಎಲ್ಲರ ಜೊತೆ ಅವನೂ ಹೋದ. ಸಂಜೆ ಡ್ಯೂಟಿ ಮುಗಿಸಿ ಆ ಪೇದೆ ಅವನ ಮನೆಯ ಬಾಗಿಲಿಗೆ ಹೋದಾಗ ಅವನ ಹೆಂಡತಿ ಹೊರಗೆ ಬಂದಳಂತೆ. ಚಲನ್ ಕೈಗೆ ತೆಗೆದುಕೊಂಡು, ಅದರಲ್ಲಿದ್ದ ಫೋಟೋವನ್ನು ಬಹಳ ಹೊತ್ತು ನೋಡಿ, ಒಳಗಿದ್ದ ಗಂಡನನ್ನು ಕೂಗಿದಳಂತೆ: "ರೀ, ದಿನಾ ಹೆಲ್ಮೆಟ್ ತಗೊಂಡು ಹೋಗ್ತೀರಲ್ಲ, ಇದರಲ್ಲಿ ಎಲ್ಲಿದೆ ತೋರ್ಸಿ ಬನ್ನಿ."